ಬಂಗಾಳದ ಕ್ಷಾಮ: ಆಳಿಸಿಕೊಂಡವರ ಆರೋಪವನ್ನು ಒರೆಗೆ ಹಚ್ಚುವ ಕ್ರಮ

ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರ ಕ್ಷಾಮದ ಹೊತ್ತಿಗೆ, ಬಂಗಾಳದಲ್ಲಿ ಬ್ರಿಟಿಷ್ ಆಡಳಿತ ಯಾಕೆ ಕುಸಿಯಿತು ಎಂದು ಅದರ ಕೆಳಗಿದ್ದವರೇ ಬರೆದದ್ದನ್ನು ಓದುವಾಗ ಮೊದಲು ತಾರೀಖು ನೋಡಿ. ಪ್ರಾಂತ್ಯದ ಪ್ರಧಾನಿ (ಇಂದಿನ ಮುಖ್ಯಮಂತ್ರಿಯಂಥ ಹುದ್ದೆ) ಫಜ್ಲುಲ್ ಹಕ್ 1942ರ ಆಗಸ್ಟ್‌ನಲ್ಲಿ ಗವರ್ನರ್ ಹರ್ಬರ್ಟ್‌ಗೆ ಬರೆದ ಪತ್ರವೂ ಹಣಕಾಸು ಮಂತ್ರಿ ಶ್ಯಾಮಪ್ರಸಾದ್ ಮುಖರ್ಜಿ ನವೆಂಬರ್‌ನಲ್ಲಿ ಕೊಟ್ಟ ರಾಜೀನಾಮೆ ಪತ್ರವೂ 1943ರ ಸಾಮೂಹಿಕ ಸಾವುಗಳಿಗಿಂತ ಮುಂಚಿನವು. ಆಮೇಲಿನ ನೆನಪುಗಳಿಗಿಂತ ಇವಕ್ಕೆ ತೂಕ ಹೆಚ್ಚು. ಆದರೆ ಇಬ್ಬರೂ ಅಧಿಕಾರದಲ್ಲಿದ್ದವರು, ತಮ್ಮ ಹೊಣೆಯನ್ನು ಸಣ್ಣದು ಮಾಡಿರಬಹುದು ಎಂಬುದೂ ನೆನಪಿರಲಿ.

ಪಕ್ಕದಲ್ಲಿ ಘಟನೆಗಳ ಪಟ್ಟಿ ಇಟ್ಟುಕೊಳ್ಳಿ. 1942ರ ಮಾರ್ಚ್‌ನಲ್ಲಿ ಬರ್ಮಾದ ರಂಗೂನ್ ಜಪಾನಿಯರ ವಶವಾಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನಿಯರ ಕೈಗೆ ಸಿಗಬಾರದೆಂದು ಸರ್ಕಾರ ಕರಾವಳಿ ಜಿಲ್ಲೆಗಳ ಹೆಚ್ಚುವರಿ ಭತ್ತವನ್ನೂ ಹತ್ತು ಜನರಿಗಿಂತ ಹೆಚ್ಚು ಹಿಡಿಸುವ ದೋಣಿಗಳನ್ನೂ ತೆಗೆಸಿತು. ಅಕ್ಟೋಬರ್ 16ರಂದು ಮೇದಿನಿಪುರಕ್ಕೆ ಚಂಡಮಾರುತ ಬಡಿಯಿತು. ಇವುಗಳಲ್ಲಿ ದೋಣಿ ತೆಗೆಸಿ ಜನರ ಬದುಕು ಕೆಡಿಸಿದರು ಎಂಬ ಆರೋಪ ಬಹಳ ಗಟ್ಟಿ. ಆ ನದಿಮುಖದ ನಾಡಿನಲ್ಲಿ ಭತ್ತ ಸಂತೆಗೆ ಹೋಗುವುದೂ ಬೆಸ್ತರು ಮೀನಿಗೆ ಹೊರಡುವುದೂ ದೋಣಿಯಲ್ಲೇ.

ನಂತರ ಬೆಲೆ. ಬಂಗಾಳದ ಮಣ ಸುಮಾರು 37 ಕಿಲೋ, ನಮ್ಮ ಸೀಮೆಯ ಹಳೆಯ ಮಣಕ್ಕಿಂತ ಬಹಳ ದೊಡ್ಡದು. ಕಲ್ಕತ್ತಾದಲ್ಲಿ 1942ರ ನವೆಂಬರ್‌ನಲ್ಲಿ ಹತ್ತು ರೂಪಾಯಿ ಆಸುಪಾಸಿದ್ದ ಮಣ ಅಕ್ಕಿ 1943ರ ಮೇನಲ್ಲಿ ಮೂವತ್ತು ಮುಟ್ಟಿತು. ಇದನ್ನು ನೋಡಿ ‘ಅಕ್ಕಿಯೇ ಇರಲಿಲ್ಲ’ ಎಂದು ಬರೆದುಬಿಡುವುದೇ ಎಲ್ಲರೂ ಮಾಡುವ ತಪ್ಪು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಲೆಕ್ಕದಲ್ಲಿ 1943ರ ಪೂರೈಕೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು 5% ಕಡಿಮೆ, 1941ಕ್ಕಿಂತ ಹೆಚ್ಚು. ಹಾಗಾಗಿ ಇದ್ದ ಅಕ್ಕಿ ಯಾರ ಕೈಗೆ ಸಿಕ್ಕಿತು ಎಂದು ಕೇಳಿ. ಯುದ್ಧ ಕಾರ್ಖಾನೆಯ ಕೆಲಸಗಾರರಿಗೆ ಅಗ್ಗದ ಅಕ್ಕಿ ಸಿಕ್ಕಿತು. ಹಳ್ಳಿಯ ಕೂಲಿದರ ಮಾತ್ರ ಬೆಲೆಯ ಜೊತೆ ಏರಲಿಲ್ಲ. ದಾಸ್ತಾನು ಬಚ್ಚಿಟ್ಟ ಸ್ಥಳೀಯ ವ್ಯಾಪಾರಿಗಳನ್ನೂ ಬಿಡಬೇಡಿ.

ಇನ್ನು ಮುಖರ್ಜಿಯವರ ಮುಖ್ಯ ದೂರು: ಹೊಣೆ ಮಂತ್ರಿಗಳದ್ದು, ಅಧಿಕಾರ ಗವರ್ನರ್ ಮತ್ತು ಅಧಿಕಾರಿಗಳದ್ದು. ಇದನ್ನು ಪರೀಕ್ಷಿಸಲು ಪ್ರತಿ ಆದೇಶದ ಎದುರು ಅದನ್ನು ಹೊರಡಿಸಿದವರು ಯಾರು, ಮಂತ್ರಿಮಂಡಲವನ್ನು ಕೇಳಿದ್ದರೇ ಎಂದು ಬರೆದುಕೊಳ್ಳಿ. ಕ್ಷಾಮ ಸಂಹಿತೆ (ಕ್ಷಾಮ ಬಂದಾಗ ಸರ್ಕಾರ ಏನು ಮಾಡಬೇಕೆಂಬ ನಿಯಮಾವಳಿ) ಕೈಯಲ್ಲಿದ್ದರೂ ಸರ್ಕಾರ ಕ್ಷಾಮ ಘೋಷಿಸಲಿಲ್ಲ. 1943ರ ಅಕ್ಟೋಬರ್‌ನಲ್ಲಿ ವೈಸ್‌ರಾಯ್ ಆದ ವೇವೆಲ್ ಸೈನ್ಯವನ್ನು ಪರಿಹಾರಕ್ಕೆ ಇಳಿಸಿದರು. ಅದೇ ಯುದ್ಧದ ನಡುವೆ ಇದು ಸಾಧ್ಯವಾಯಿತೆಂದ ಮೇಲೆ, ‘ಯುದ್ಧವಿತ್ತು, ಏನೂ ಮಾಡಲಾಗಲಿಲ್ಲ’ ಎಂಬ ಸಮರ್ಥನೆ ನಿಲ್ಲುವುದಿಲ್ಲ.

ಸಾವಿನ ಸಂಖ್ಯೆ ಕೊಡುವಾಗ ಯಾರ ಅಂದಾಜು ಎಂದು ಸೇರಿಸಲೇಬೇಕು. ಕ್ಷಾಮದ ತನಿಖೆಗೆ ಸರ್ಕಾರ ನೇಮಿಸಿದ್ದ, 1945ರಲ್ಲಿ ವರದಿ ಕೊಟ್ಟ ವುಡ್‌ಹೆಡ್ ಆಯೋಗ ಹೇಳಿದ್ದು ಸುಮಾರು 15 ಲಕ್ಷ. ನಂತರದ ಸಂಶೋಧಕರಲ್ಲಿ ಹಲವರದು ಸುಮಾರು 30 ಲಕ್ಷದವರೆಗೆ ಹೋಗುತ್ತದೆ.