ಇಟ್ಟಿಗೆ ಗೋಡೆಯ ಚಿಕ್ಕ ಕೋಣೆಗೆ ನಾನು ಮಾನಿಟರ್ ಸ್ಪೀಕರ್ ಆರಿಸಿದ ಬಗೆ

ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಸುಗಮ ಸಂಗೀತ, ದೇವರನಾಮ ಮತ್ತು ಆಡಿಯೋ ಪುಸ್ತಕಗಳನ್ನು ಮುದ್ರಿಸುವ ನನ್ನಂಥವರಿಗೆ ಮೈಕ್, ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಮತ್ತು ಹೆಡ್‌ಫೋನಿನ ನಂತರ ಎದುರಾಗುವ ದೊಡ್ಡ ಖರ್ಚೆಂದರೆ ಮಾನಿಟರ್ ಸ್ಪೀಕರುಗಳದು, ಅಂದರೆ ಮುದ್ರಿಸಿದ್ದನ್ನು ಬಣ್ಣ ಸೇರಿಸದೆ ಇದ್ದಂತೆಯೇ ಕೇಳಿಸುವ ಸ್ಪೀಕರುಗಳದು. ಕೈಯಲ್ಲಿರುವ ಹಣಕ್ಕೆ ಯಾವ ಕಂಪನಿಯ ಯಾವ ಮಾದರಿ ಒಳ್ಳೆಯದು ಎಂದು ಹಲವರು ನನ್ನನ್ನು ಕೇಳುತ್ತಾರೆ. ನಾನು ಅವರನ್ನು ಮೊದಲು ಕೇಳುವುದು ಕೋಣೆಯ ಉದ್ದ, ಅಗಲ, ಎತ್ತರಗಳನ್ನು. ಆಮೇಲೆ ಅವರು ಮುದ್ರಿಸುವ ಸಂಗೀತ ಯಾವುದೆಂಬುದನ್ನು. ಇವೆರಡಕ್ಕೆ ಉತ್ತರ ಸಿಕ್ಕಮೇಲೆ ಆಯ್ಕೆಯ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ನನ್ನ ವಿಷಯದಲ್ಲಿ ಆದದ್ದೂ ಹಾಗೆಯೇ.

ಹೆಡ್‌ಫೋನ್ ಒಂದರಲ್ಲೇ, ಮುದ್ರಿಸಿದ ಧ್ವನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಕೆಲಸವನ್ನು ಮುಗಿಸುವುದು ಸಾಧ್ಯವಿಲ್ಲವೆಂದಲ್ಲ, ಆದರೆ ಅದಕ್ಕೊಂದು ಮಿತಿಯಿದೆ. ಹೆಡ್‌ಫೋನಿನಲ್ಲಿ ಎಡ ಚಾನೆಲ್ ಎಡಗಿವಿಗೆ ಮಾತ್ರ, ಬಲ ಚಾನೆಲ್ ಬಲಗಿವಿಗೆ ಮಾತ್ರ ತಲುಪುತ್ತದೆ. ಸ್ಪೀಕರುಗಳ ಮುಂದೆ ಕುಳಿತಾಗ ಎರಡೂ ಸ್ಪೀಕರುಗಳ ಧ್ವನಿ ಎರಡೂ ಕಿವಿಗೆ ಅತಿ ಸಣ್ಣ ಕಾಲವ್ಯತ್ಯಾಸದೊಡನೆ ಬರುವುದರಿಂದ ಗಾಯಕರ ಧ್ವನಿ ಎದುರಿನಲ್ಲಿ, ಎರಡು ಸ್ಪೀಕರುಗಳ ನಡುವಿನಿಂದ ಬಂದಂತೆ ಕೇಳಿಸುತ್ತದೆ. ಧ್ವನಿಗೆ ಎಷ್ಟು ರಿವರ್ಬ್ (ಸಭಾಂಗಣದಲ್ಲಿ ಮೊಳಗುವಂಥ ಅನುರಣನ) ಬೇಕು, ತಂಬೂರಿ ಎಷ್ಟು ಹಿಂದಿರಬೇಕು ಎಂಬಂಥ ತೀರ್ಮಾನಗಳಿಗೆ ಈ ಎದುರಿನ ಚಿತ್ರಣವೇ ಆಧಾರ. ಟಿವಿಯ ಮಗ್ಗುಲಲ್ಲಿಡುವ ಹೋಮ್ ಥಿಯೇಟರ್ ಸ್ಪೀಕರು ಈ ಕೆಲಸಕ್ಕೆ ಸಲ್ಲದು, ಏಕೆಂದರೆ ಹಾಡು ಇಂಪಾಗಿ ಕೇಳಲೆಂದು ಅವುಗಳಲ್ಲಿ ಬಾಸ್ (ತಗ್ಗಿನ ಸ್ವರಗಳು) ಮತ್ತು ಟ್ರೆಬಲ್ (ಮೇಲಿನ ಸ್ವರಗಳು) ಎರಡನ್ನೂ ಸಾಮಾನ್ಯವಾಗಿ ಹೆಚ್ಚಿಸಿರುತ್ತಾರೆ.

ನನ್ನ ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ತಾರಸಿಯ ಎತ್ತರವೂ 10 ಅಡಿ. ಎದುರುಬದುರಾಗಿರುವ ಎರಡು ಗೋಡೆಗಳ ನಡುವೆ ಧ್ವನಿ ಓಡಾಡುವಾಗ, ಆ ಅಂತರಕ್ಕೆ ಹೊಂದುವ ಕೆಲವು ಫ್ರೀಕ್ವೆನ್ಸಿಗಳು (ಸೆಕೆಂಡಿಗೆ ಇಷ್ಟು ಕಂಪನ ಎಂಬ ಲೆಕ್ಕ, ಅದರ ಮಾನ ಹರ್ಟ್ಸ್) ಮಾತ್ರ ಉಬ್ಬಿ ಕೇಳಿಸುತ್ತವೆ. ಧ್ವನಿಯ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 343 ಮೀಟರನ್ನು, ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿದರೆ ಇವುಗಳಲ್ಲಿ ಮೊದಲನೆಯದು ಸಿಗುತ್ತದೆ. 12 ಅಡಿಗೆ ಅದು 47 ಹರ್ಟ್ಸ್, 10 ಅಡಿಗೆ 56 ಹರ್ಟ್ಸ್. ನನ್ನ ಕೋಣೆಯಲ್ಲಿ ಅಗಲವೂ ಎತ್ತರವೂ ಒಂದೇ ಆಗಿರುವುದರಿಂದ 56 ಹರ್ಟ್ಸ್ ಎರಡು ದಿಕ್ಕಿನಿಂದಲೂ ಉಬ್ಬುತ್ತದೆ. ನಮ್ಮ ಊರುಗಳ ಮನೆಗಳಲ್ಲಿ 10 ಅಡಿಯ ಅಳತೆ ಎಷ್ಟು ಸಾಮಾನ್ಯವೆಂದರೆ ಈ ತೊಂದರೆ ಅನೇಕರಿಗೆ ಇದ್ದೇ ಇರುತ್ತದೆ. ಉದ್ದದ ನಟ್ಟನಡುವೆ ಕುರ್ಚಿ ಹಾಕಿದರೆ 47 ಹರ್ಟ್ಸ್ ಬಹುತೇಕ ಕೇಳಿಸುವುದೇ ಇಲ್ಲ, ಹಿಂದಿನ ಗೋಡೆಗೆ ಒರಗಿ ಕುಳಿತರೆ ಅದೇ ಫ್ರೀಕ್ವೆನ್ಸಿ ಗುಂಯ್‌ಗುಡುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಹೋಮ್ ಸ್ಟುಡಿಯೋ ಬಗ್ಗೆ ನಾವು ನೋಡುವ ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿನ ಮನೆಗಳ ಒಳಗೋಡೆಗಳು ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದು ಮಾಡಿದಂಥವು. ಆ ಹಲಗೆ ಬಾಸ್‌ಗೆ ಕಂಪಿಸುತ್ತದೆ, ಸ್ವಲ್ಪವನ್ನು ಹೀರುತ್ತದೆ, ಸ್ವಲ್ಪವನ್ನು ಆಚೆಗೆ ಬಿಡುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಅದರ ಮೇಲೆ ಸಿಮೆಂಟ್ ಗಿಲಾವು, ತಲೆಯ ಮೇಲೆ ಆರ್‌ಸಿಸಿ ತಾರಸಿ, ಕಾಲಡಿಯಲ್ಲಿ ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲ ಇರುವ ನಮ್ಮ ಕೋಣೆಗಳಲ್ಲಿ ಬಾಸ್‌ಗೆ ಹೊರಹೋಗಲು ದಾರಿಯೇ ಇಲ್ಲ. ಆದ್ದರಿಂದ ಅಲ್ಲಿಯವರು ಇದೇ ಅಳತೆಯ ಕೋಣೆಗೆ ಎಂಟಿಂಚಿನ ಊಫರ್ (ಬಾಸ್ ನುಡಿಸುವ ದೊಡ್ಡ ಕೋನ್) ಆಗಬಹುದೆಂದು ಹೇಳಿದರೆ, ಆ ಮಾತು ನಮ್ಮ ಕೋಣೆಗೆ ಹಾಗೆಯೇ ಅನ್ವಯಿಸುವುದಿಲ್ಲ. ಇಟ್ಟಿಗೆಯ ಚಿಕ್ಕ ಕೋಣೆಗೆ ಬೇಕಾದದ್ದು ಕಡಿಮೆ ಬಾಸ್ ಕೊಡುವ ಸ್ಪೀಕರ್ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ನನ್ನ ಆಯ್ಕೆ ನಿಂತಿರುವುದೇ ಇದರ ಮೇಲೆ.

ಹಾಗೆಂದು ತೀರಾ ಚಿಕ್ಕದೂ ಆಗಬಾರದು. ಎಷ್ಟು ಕೆಳಗಿನ ಸ್ವರ ನನಗೆ ಬೇಕು ಎಂಬುದನ್ನು ಲೆಕ್ಕ ಹಾಕಿದೆ. ಗಂಡುಧ್ವನಿಯ ಸಿ ಶಾರ್ಪ್ ಶ್ರುತಿಯಲ್ಲಿ ತಂಬೂರಿಯ ನಡುವಿನ ತಂತಿಗಳು ಸುಮಾರು 139 ಹರ್ಟ್ಸ್, ಪಂಚಮದ ತಂತಿ 104, ಎಲ್ಲಕ್ಕಿಂತ ಕೆಳಗಿನ ಖರಜದ ತಂತಿ 69. ತಬಲಾ ಜೋಡಿಯ ದೊಡ್ಡ ಎಡವಾದ್ಯವಾದ ಬಾಯಾದ ಗುಂಗು ಸಹ ಹೆಚ್ಚುಕಡಿಮೆ ಈ ವಲಯದ್ದೇ. ಬಾಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಸ್‌ವರೆಗೆ ಇಳಿಯುತ್ತದೆ, ಆದರೆ ಅದು ನನ್ನ ಕೆಲಸದಲ್ಲಿ ಅಪರೂಪ. ಮೂರೂವರೆ ಇಂಚಿನ ಊಫರ್ ಇರುವ ಪ್ರಿಸೋನಸ್ ಎರಿಸ್ 3.5ರಂಥ ಪುಟ್ಟ ಸ್ಪೀಕರುಗಳು 80 ಹರ್ಟ್ಸ್ ಸುಮಾರಿಗೆ ನಿಲ್ಲುತ್ತವೆ. ಮಾತಿನ ಮುದ್ರಣಕ್ಕಷ್ಟೇ ಆದರೆ ಅವು ಸಾಕು, ಬೆಲೆಯೂ ಹಗುರ. ತಂಬೂರಿ ಮತ್ತು ತಬಲಾ ಇರುವ ನನಗೆ ಐದಿಂಚು ಸರಿಯೆನಿಸಿತು.

ಕಂಪನಿಗಳು ಕೊಡುವ ಅಂಕಿಗಳನ್ನು ಓದುವಾಗ ಡೆಸಿಬಲ್ (ಧ್ವನಿಯ ಜೋರಿನ ಮಾನ) ಗುರುತನ್ನು ನೋಡದೆ ಮುಂದೆ ಹೋಗಬಾರದು. ಯಮಾಹಾ ಎಚ್‌ಎಸ್ 5 ಸ್ಪೀಕರಿನ ವಿವರದಲ್ಲಿ ದಪ್ಪಕ್ಷರದಲ್ಲಿರುವುದು 54 ಹರ್ಟ್ಸ್. ಅದು ಧ್ವನಿ 10 ಡೆಸಿಬಲ್ ಕುಸಿದ ಜಾಗ. 3 ಡೆಸಿಬಲ್ ಮಾತ್ರ ಕುಸಿಯುವ ಜಾಗ 74 ಹರ್ಟ್ಸ್. ಜೆಬಿಎಲ್ 305ಪಿ ಎಂಕೆ 2 ಮಾದರಿಯಲ್ಲಿ ಈ ಎರಡು ಅಂಕಿಗಳು ಕ್ರಮವಾಗಿ 43 ಮತ್ತು 49. ಕಾಗದದ ಮೇಲೆ ಜೆಬಿಎಲ್ ಮುಂದಿದೆ. ಆದರೆ ನನ್ನ ಕೋಣೆ 47 ಮತ್ತು 56ನ್ನು ತಾನೇ ಉಬ್ಬಿಸುತ್ತಿರುವಾಗ, ಆ ಜಾಗದಲ್ಲಿ ಮೆಲ್ಲನೆ ಇಳಿಯುವ ಸ್ಪೀಕರು ನನಗೆ ಅನುಕೂಲವೇ ಹೊರತು ಕೊರತೆಯಲ್ಲ.

ಇಷ್ಟಾದ ಮೇಲೆ ಅಂಗಡಿಗೆ ಹೋಗಿ ಕೇಳಿದೆ. ಪೆನ್‌ಡ್ರೈವಿನಲ್ಲಿ ನಾನೇ ಮುದ್ರಿಸಿದ ಟ್ರ್ಯಾಕುಗಳನ್ನು ಎಂಪಿ3 ಮಾಡದೆ ವೇವ್ ಫೈಲುಗಳಾಗಿಯೇ ಒಯ್ದಿದ್ದೆ: ತಂಬೂರಿಯೊಡನೆ ಒಂದು ಆಲಾಪ, ಬರಿಯ ತಬಲಾ, ಹೆಣ್ಣುಧ್ವನಿಯ ಒಂದು ಭಾವಗೀತೆ, ಗದ್ಯವಾಚನದ ಒಂದು ತುಣುಕು. ಮೂಲ ಧ್ವನಿ ಹೇಗಿತ್ತೆಂದು ಕೋಣೆಯಲ್ಲೇ ಕುಳಿತು ಕೇಳಿದವನು ನಾನಾದ್ದರಿಂದ ಯಾವ ಸ್ಪೀಕರು ಏನನ್ನು ಸೇರಿಸುತ್ತಿದೆ, ಏನನ್ನು ಅಡಗಿಸುತ್ತಿದೆ ಎಂಬುದು ನನಗೆ ತಿಳಿಯುತ್ತಿತ್ತು. ಸ್ವಲ್ಪ ಜೋರಾಗಿರುವ ಸ್ಪೀಕರು ಯಾವಾಗಲೂ ಚೆನ್ನಾಗಿಯೇ ಕೇಳಿಸುವುದರಿಂದ, ಮೊಬೈಲಿನ ಡೆಸಿಬಲ್ ಆ್ಯಪ್ ಹಿಡಿದು ಎಲ್ಲದರ ಮಟ್ಟವನ್ನೂ ಸಮ ಮಾಡಿಸಿಕೊಂಡೆ. ಆ್ಯಪ್ ತೋರಿಸುವ ಅಂಕಿ ನಿಖರವಾಗಿರಬೇಕೆಂದಿಲ್ಲ, ಹೋಲಿಕೆಗೆ ಸಾಕು.

ನಾನು ಹೆಚ್ಚು ಹೊತ್ತು ಕೇಳಿದ್ದು ಬಾಯಾದ ಒಂದು ಜಾಗವನ್ನು. ‘ಘೆ’ ಬಾರಿಸಿ ಅಂಗೈಯ ಮಣಿಕಟ್ಟಿನ ಕಡೆಯ ಭಾಗವನ್ನು ಚರ್ಮದ ಮೇಲೆ ಒತ್ತಿ ಜಾರಿಸಿದಾಗ ಸ್ವರ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಈ ಏರಿಕೆ ಮೊದಲಿನಿಂದ ಕೊನೆಯವರೆಗೆ ಒಂದೇ ಬಲದಲ್ಲಿ ಕೇಳಿಸಬೇಕು. ಒಂದು ಅಗ್ಗದ ಮಾದರಿಯಲ್ಲಿ ಆ ಜಾರು ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಉಬ್ಬಿ ಮತ್ತೆ ಅಡಗುತ್ತಿತ್ತು. ಪೆಟ್ಟಿಗೆಯ ಪೋರ್ಟಿನಿಂದ (ಗಾಳಿಯಾಡುವ ತೂತಿನಿಂದ) ಬಾಸ್ ಹೆಚ್ಚಿಸಿಕೊಂಡಿರುವ ಲಕ್ಷಣ ಅದು. ಜೆಬಿಎಲ್‌ನಲ್ಲಿ ಜಾರು ಸಮವಾಗಿತ್ತು, ಜೊತೆಗೆ ತಲೆಯನ್ನು ಅತ್ತಿತ್ತ ಸರಿಸಿದರೂ ಧ್ವನಿಯ ಬಣ್ಣ ಬದಲಾಗುತ್ತಿರಲಿಲ್ಲ. ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರಿನ ಸುತ್ತ ಇರುವ, ಧ್ವನಿಯನ್ನು ಹರಡುವ ಅಗಲವಾದ ವೇವ್‌ಗೈಡ್ ಆ ಕೆಲಸ ಮಾಡುತ್ತದೆ. ಇಬ್ಬರು ಮೂವರು ಒಟ್ಟಿಗೆ ಕುಳಿತು ಮಿಕ್ಸ್ ಕೇಳುವ ಸ್ಟುಡಿಯೋಗಳಿಗೆ ನಾನು ಇದನ್ನೇ ಹೇಳುತ್ತೇನೆ. ಎಚ್‌ಎಸ್ 5ರಲ್ಲಿ ಬಾಯಾ ಸ್ವಲ್ಪ ತೆಳುವಾಗಿತ್ತು. ಆದರೆ ಭಾವಗೀತೆಯಲ್ಲಿ ಸಕಾರ ಶಕಾರಗಳು ಎಲ್ಲಿ ಚುಚ್ಚುತ್ತಿವೆ, ಗದ್ಯವಾಚನದಲ್ಲಿ ‘ಭ’ ‘ಫ’ಗಳ ಗಾಳಿ ಎಲ್ಲಿ ಮೈಕಿಗೆ ಹೊಡೆದಿದೆ, ಸಾಲಿನ ಕೊನೆಯಲ್ಲಿ ಓದುಗರ ಉಸಿರು ಎಲ್ಲಿ ತುಂಡಾಗಿದೆ ಎಂಬುದೆಲ್ಲ ನಿಚ್ಚಳವಾಗಿ ಬಯಲಾಗುತ್ತಿತ್ತು. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಮನುಷ್ಯನ ಧ್ವನಿಯೇ ಆದ್ದರಿಂದ ಎಚ್‌ಎಸ್ 5 ತೆಗೆದುಕೊಂಡೆ.

ಇದೇ ಕಂಪನಿಯ ಎನ್‌ಎಸ್ 10 ಎಂಬ ಬಿಳಿ ಕೋನಿನ ಸ್ಪೀಕರು 1978ರಲ್ಲಿ ಮನೆಬಳಕೆಗೆಂದು ಬಂದು, ಆಮೇಲೆ ಜಗತ್ತಿನ ಸ್ಟುಡಿಯೋಗಳನ್ನೆಲ್ಲ ಹೊಕ್ಕು, 2001ರಲ್ಲಿ ತಯಾರಿಕೆಯಿಂದ ನಿಂತಿತು. ಎಚ್‌ಎಸ್ ಸರಣಿಯ ಬಿಳಿ ಕೋನ್ ಅದರ ನೆನಪಿನದು. ಆದರೆ ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಎನ್‌ಎಸ್ 10 ಪೋರ್ಟ್ ಇಲ್ಲದ ಮುಚ್ಚಿದ ಪೆಟ್ಟಿಗೆ ಮತ್ತು ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು, ಎಚ್‌ಎಸ್ 5ಕ್ಕೆ ಹಿಂಬದಿಯಲ್ಲಿ ಪೋರ್ಟ್ ಇದೆ, ಆಂಪ್ಲಿಫೈಯರ್ ಒಳಗೇ ಇದೆ. ಬೆಲೆ ವಿಚಾರಿಸುವಾಗ ಅದು ಒಂದಕ್ಕೋ ಜೋಡಿಗೋ ಎಂಬುದನ್ನು ಕೇಳಿಕೊಳ್ಳಬೇಕು, ಏಕೆಂದರೆ ಮಾನಿಟರುಗಳನ್ನು ಬಿಡಿಬಿಡಿಯಾಗಿಯೂ ಮಾರುತ್ತಾರೆ.

ತೆಗೆದಿಟ್ಟ ಹಣವನ್ನೆಲ್ಲ ಸ್ಪೀಕರಿಗೇ ಸುರಿಯದೆ, ಅದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಕೋಣೆಗೆಂದೇ ಮೀಸಲಿಟ್ಟೆ. ಸ್ಟ್ಯಾಂಡುಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಚೌಕದ ಕಬ್ಬಿಣದ ಪೈಪಿನಿಂದ ಮಾಡಿಸಿ, ಪೈಪಿನೊಳಗೆ ಒಣ ಮರಳು ತುಂಬಿಸಿ, ತಲೆಯ ಮೇಲೆ ಗ್ರಾನೈಟಿನ ತುಂಡು ಕೂರಿಸಿ ಅದರ ಮೇಲೆ ರಬ್ಬರ್ ಹಾಸಿದೆ. ಕುಳಿತಾಗ ಟ್ವೀಟರು ಕಿವಿಯ ಮಟ್ಟಕ್ಕೆ ಬರುವಂತೆ ಎತ್ತರವನ್ನು ನನ್ನ ಕುರ್ಚಿಗೆ ಅಳೆದು ಕೊಟ್ಟಿದ್ದೆ. ಮೇಜನ್ನು 10 ಅಡಿಯ ಗೋಡೆಗೆ ಮುಖಮಾಡಿ ಹಾಕಿದ್ದೇನೆ. ನನ್ನ ತಲೆ ಆ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ದೂರದಲ್ಲಿದೆ, ಅಂದರೆ ಉದ್ದದ ಶೇಕಡಾ 38ರ ಹತ್ತಿರ. ಎರಡು ಸ್ಪೀಕರುಗಳು ಮತ್ತು ನನ್ನ ತಲೆ ಸೇರಿ ಸಮಬಾಹು ತ್ರಿಕೋನವಾಗುತ್ತದೆ.

ಸ್ಪೀಕರಿನ ಮುಖಕ್ಕೂ ಅದರ ಹಿಂದಿನ ಗೋಡೆಗೂ ಒಂದಡಿ ಅಂತರವಿದ್ದರೆ, ಗೋಡೆಗೆ ಬಡಿದು ಮರಳುವ ಧ್ವನಿ 280 ಹರ್ಟ್ಸ್ ಸುಮಾರಿನಲ್ಲಿ ನೇರ ಧ್ವನಿಯನ್ನು ಕಡಿದುಹಾಕುತ್ತದೆ. ಅದು ಗಾಯಕರ ಧ್ವನಿಯ ಮೈಕಟ್ಟಿರುವ ಜಾಗ. ಅಲ್ಲಿ ಹಳ್ಳ ಬಿದ್ದರೆ ಮಿಕ್ಸ್ ಮಾಡುವವರು ತಿಳಿಯದೆ ಅದನ್ನು ಈಕ್ವಲೈಜರಿನಲ್ಲಿ ತುಂಬುತ್ತಾರೆ, ಬೇರೆಡೆ ಕೇಳಿದಾಗ ಧ್ವನಿ ಡೊಳ್ಳಾಗಿರುತ್ತದೆ. ಇದಕ್ಕಾಗಿ ಸ್ಪೀಕರುಗಳ ಹಿಂದಿನ ಗೋಡೆಗೆ ಧ್ವನಿ ಹೀರುವ, ಕಲ್ಲಿನ ನಾರಿನ ರಾಕ್‌ವೂಲ್ ಪ್ಯಾನೆಲ್ ಹಾಕಿದೆ. ಎರಡಿಂಚಿನ ಎರಡು ಹಲಗೆಗಳನ್ನು ಸೇರಿಸಿ, ಪ್ಲೈವುಡ್ ಚೌಕಟ್ಟಿನಲ್ಲಿಟ್ಟು, ಮೇಲೆ ಬಟ್ಟೆ ಬಿಗಿದಿದ್ದೇನೆ. ಬಟ್ಟೆಗೆ ಬಾಯಿಟ್ಟು ಊದಿದರೆ ಗಾಳಿ ಸಲೀಸಾಗಿ ಆಚೆ ಹೋಗಬೇಕು. ಖಾದಿ ಇದಕ್ಕೆ ಚೆನ್ನಾಗಿ ಒದಗುತ್ತದೆ. ರಾಕ್‌ವೂಲ್ ಕತ್ತರಿಸುವಾಗ ಮುಖಗವಸು ಮತ್ತು ಕೈಗವಸು ಕಡ್ಡಾಯ. ಕೋಣೆಯ ಮೂಲೆಗಳಿಗೆ ಇನ್ನೂ ದಪ್ಪದ ಪ್ಯಾನೆಲುಗಳನ್ನು ಅಡ್ಡಲಾಗಿ ನಿಲ್ಲಿಸಿದೆ. ಪಕ್ಕದ ಗೋಡೆಗಳಿಗೆ ಜಾಗ ಗುರುತಿಸಲು, ಒಬ್ಬರು ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತ ಹೋಗುವಾಗ ನನ್ನ ಕುರ್ಚಿಯಿಂದ ಟ್ವೀಟರು ಕನ್ನಡಿಯಲ್ಲಿ ಕಂಡ ಕಡೆ ಗುರುತು ಹಾಕಿದೆ. ಮೊಟ್ಟೆಯ ಟ್ರೇಗಳಿಂದ ಮತ್ತು ಒಂದಿಂಚಿನ ಫೋಮಿನಿಂದ ಬಾಸ್‌ಗೆ ಏನೂ ಆಗುವುದಿಲ್ಲ; ಅವು ಮೇಲಿನ ಫ್ರೀಕ್ವೆನ್ಸಿಗಳನ್ನಷ್ಟೇ ಹೀರಿ ಕೋಣೆಯನ್ನು ಮಂಕು ಮಾಡುತ್ತವೆ.

ಅಳತೆಗೆ ಮೆಷರ್‌ಮೆಂಟ್ ಮೈಕ್ ಮತ್ತು ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಜರ್ಡ್ ತಂತ್ರಾಂಶವನ್ನು ಬಳಸಿದೆ. ಪ್ಯಾನೆಲುಗಳ ನಂತರ 56 ಹರ್ಟ್ಸ್‌ನ ಉಬ್ಬು ಪೂರ್ತಿ ಹೋಗಲಿಲ್ಲ, ಆದರೆ ಸ್ವರ ನಿಂತ ಮೇಲೂ ಎಳೆಯುತ್ತಿದ್ದ ಗುಂಗು ಸ್ಪಷ್ಟವಾಗಿ ಕಡಿಮೆಯಾಯಿತು. ಕಿವಿಗೆ ಮುಖ್ಯವಾದದ್ದು ಅದೇ. ಸ್ಪೀಕರಿನ ಹಿಂಬದಿಯಲ್ಲಿ 500 ಹರ್ಟ್ಸ್‌ಗಿಂತ ಕೆಳಗಿನದನ್ನು 2 ಅಥವಾ 4 ಡೆಸಿಬಲ್ ತಗ್ಗಿಸುವ ರೂಮ್ ಕಂಟ್ರೋಲ್ ಸ್ವಿಚ್ ಇದೆ. ಗೋಡೆ ಹತ್ತಿರವಿರುವುದರಿಂದ ಅದನ್ನು 2ಕ್ಕೆ ಇಟ್ಟಿದ್ದೇನೆ.

ವಿದ್ಯುತ್ತಿನ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ಇಂಟರ್‌ಫೇಸಿನಿಂದ ಸ್ಪೀಕರಿಗೆ, ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವ ಬ್ಯಾಲೆನ್ಸ್ಡ್ ಕೇಬಲ್ಲನ್ನೇ ಬಳಸಬೇಕು; ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕನೆಕ್ಟರ್ ಮತ್ತು ಕೇಬಲ್ ಬಿಡಿಯಾಗಿ ಸಿಗುತ್ತವೆ, ಬೆಸುಗೆ ಬಲ್ಲವರಿಗೆ ಉಳಿತಾಯವಾಗುತ್ತದೆ. ಇಂಟರ್‌ಫೇಸ್, ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲವೂ ಅರ್ಥಿಂಗ್ ಸರಿಯಿರುವ ಒಂದೇ ಬೋರ್ಡಿನಲ್ಲಿರಲಿ. ಗುಂಯ್ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ತೆಗೆಯುವ ರೂಢಿ ಕೆಲವರಲ್ಲಿದೆ. ಅದು ಪ್ರಾಣಕ್ಕೆ ಅಪಾಯ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಸ್ಪೀಕರು ಬುರ್‌ ಎನ್ನುತ್ತಿದ್ದರೆ ದೋಷ ಸ್ಪೀಕರಿನದಲ್ಲ; ಸೈನ್ ವೇವ್ ಇನ್ವರ್ಟರಿನಲ್ಲಿ ಅದು ಇರುವುದಿಲ್ಲ.

ಸ್ಪೀಕರು ಬಂದ ಮೇಲೆ ಕೆಲವು ವಾರ ಮಿಕ್ಸಿಂಗಿಗೆ ಕೈಹಾಕದೆ, ನನಗೆ ಚಿರಪರಿಚಿತವಾದ ಧ್ವನಿಮುದ್ರಣಗಳನ್ನಷ್ಟೇ ಅದರಲ್ಲಿ ಕೇಳಿದೆ. ಒಳ್ಳೆಯ ಮಿಕ್ಸ್‌ನಲ್ಲಿ ಖರಜ ನನ್ನ ಕೋಣೆಯಲ್ಲಿ ಎಷ್ಟು ತೆಳುವಾಗಿ ಕೇಳಿಸುತ್ತದೆ ಎಂಬುದು ಕಿವಿಗೆ ಕೂತಮೇಲೆ, ನನ್ನ ಮಿಕ್ಸ್‌ನಲ್ಲೂ ಅಷ್ಟೇ ತೆಳುವಾಗಿ ಬಿಡುವ ಧೈರ್ಯ ಬಂತು. ಧ್ವನಿ ಮೆಲ್ಲಗಾದಷ್ಟೂ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳಿಸುತ್ತದೆಂದು 1933ರಲ್ಲೇ ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ್ದಾರೆ. ಆದ್ದರಿಂದ ಪಿಂಕ್ ನಾಯ್ಸ್ ಎಂಬ, ಜಲಪಾತದಂಥ ಪರೀಕ್ಷಾ ಸದ್ದು ಹಾಕಿ 75 ಡೆಸಿಬಲ್ ಸುಮಾರಿಗೆ ನಾಬ್ ನಿಲ್ಲಿಸಿ, ಅಲ್ಲಿಗೆ ಒಂದು ಬಣ್ಣದ ಟೇಪ್ ಅಂಟಿಸಿ, ದಿನವೂ ಅದೇ ಮಟ್ಟದಲ್ಲಿ ಕೆಲಸ ಮಾಡುತ್ತೇನೆ. 60 ಹರ್ಟ್ಸ್‌ಗಿಂತ ಕೆಳಗೆ ಏನಾದರೂ ಇದೆಯೇ ಎಂಬುದನ್ನು ಮಾತ್ರ ಹೆಡ್‌ಫೋನಿನಲ್ಲಿ ನೋಡುತ್ತೇನೆ. ಕೊನೆಯಲ್ಲಿ ಮೊಬೈಲಿನ ಸ್ಪೀಕರಿನಲ್ಲೊಮ್ಮೆ ಕೇಳುತ್ತೇನೆ, ಏಕೆಂದರೆ ಕೇಳುಗರಲ್ಲಿ ಬಹಳ ಮಂದಿ ಕೇಳುವುದು ಅದರಲ್ಲೇ.

ಹೊಸದಕ್ಕೆ ಹಣ ಸಾಲದವರು ಸೆಕೆಂಡ್ ಹ್ಯಾಂಡ್ ಜೋಡಿಯನ್ನು ಧೈರ್ಯವಾಗಿ ನೋಡಬಹುದು. ಎರಡೂ ಒಂದೇ ಮಾದರಿ, ಒಂದೇ ಆವೃತ್ತಿಯವೇ ಎಂದು ಹಿಂಬದಿಯ ಚೀಟಿಯಲ್ಲಿ ನೋಡಿ, ಊಫರಿನ ರಬ್ಬರ್ ಅಂಚು ಬಿರಿದಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ಮೋನೋ ಧ್ವನಿಯನ್ನು ಎರಡರಲ್ಲೂ ಒಟ್ಟಿಗೆ ನುಡಿಸಬೇಕು. ಧ್ವನಿ ಸರಿಯಾಗಿ ನಡುವಿನಲ್ಲಿ ನಿಲ್ಲದೆ ಒಂದು ಕಡೆಗೆ ಎಳೆದರೆ ಅಥವಾ ಸಕಾರಗಳು ಒಂದು ಪಕ್ಕಕ್ಕೆ ಓಡಿದರೆ ಒಂದರ ಟ್ವೀಟರು ಸೊರಗಿದೆಯೆಂದು ತಿಳಿಯಬೇಕು. ಆಮೇಲೆ ಏನನ್ನೂ ನುಡಿಸದೆ, ಫ್ಯಾನ್ ಆರಿಸಿ, ಒಂದು ಮೀಟರ್ ದೂರದಲ್ಲಿ ಕುಳಿತು ಹಿಸ್ ಸದ್ದು ಎಷ್ಟಿದೆಯೆಂದು ಕೇಳಬೇಕು. ಗದ್ಯವಾಚನದ ಕೆಲಸ ಮಾಡುವವರಿಗೆ ಆ ದೂರದಲ್ಲಿ ಹಿಸ್ ಕೇಳಿಸುವ ಜೋಡಿ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬೇಡ.