ಉಬುಂಟು ಸರ್ವರಿನಲ್ಲಿ ಪಿಎಚ್‌ಪಿಮೈಅಡ್ಮಿನ್ ಅಳವಡಿಸುವುದು ಹೇಗೆ?

ಮೈಎಸ್‌ಕ್ಯೂಎಲ್ ಡೇಟಾಬೇಸಿನ ಎಲ್ಲ ಕೆಲಸವನ್ನೂ ಟರ್ಮಿನಲ್ಲಿನಲ್ಲೇ ಮಾಡಬಹುದು. ಆದರೆ ಗ್ರಂಥಾಲಯದ ಪುಸ್ತಕಪಟ್ಟಿಯಲ್ಲಿ ಲೇಖಕರ ಹೆಸರಿನ ಒಂದು ಒತ್ತಕ್ಷರ ತಿದ್ದುವುದಕ್ಕೂ ಪ್ರತಿ ಸಲ ಕಮಾಂಡ್ ಬರೆಯುವುದು ಎಲ್ಲರಿಗೂ ಒಗ್ಗುವುದಿಲ್ಲ. 1998ರಲ್ಲಿ ಟೋಬಿಯಾಸ್ ರಾಟ್‌ಶಿಲ್ಲರ್ ಆರಂಭಿಸಿದ ಪಿಎಚ್‌ಪಿಮೈಅಡ್ಮಿನ್ ಎಂಬ ಮುಕ್ತ ತಂತ್ರಾಂಶ ಈ ಕೆಲಸವನ್ನು ಬ್ರೌಸರಿಗೆ ತಂದುಕೊಡುತ್ತದೆ. ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿ ಡೇಟಾಬೇಸ್ ಬಳಸುವವರಿಗೂ ಇದೇ ಸಾಕು. ಅಳವಡಿಕೆ ಕೆಲವೇ ನಿಮಿಷಗಳದ್ದು. ಆದರೆ ಈ ಪುಟವನ್ನು ಯಾರು ತಲುಪಬಹುದು ಎಂಬುದನ್ನು ತೀರ್ಮಾನಿಸುವ ತನಕ ಕೆಲಸ ಮುಗಿಯಿತೆಂದು ತಿಳಿಯಬಾರದು.

ಸರ್ವರಿನಲ್ಲಿ ವೆಬ್ ಪುಟಗಳನ್ನು ಒದಗಿಸುವ ಅಪಾಚೆ, ಈ ತಂತ್ರಾಂಶವನ್ನು ಬರೆದಿರುವ ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಮೊದಲೇ ಇವೆ ಎಂದುಕೊಳ್ಳೋಣ. ಮೊದಲು 'ಸುಡೊ ಆಪ್ಟ್ ಅಪ್‌ಡೇಟ್', ಆಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಪಿಎಚ್‌ಪಿಮೈಅಡ್ಮಿನ್' ಎಂಬ ಕಮಾಂಡುಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಡಬೇಕು.

ಸ್ವಲ್ಪ ಹೊತ್ತಿಗೆ ಪರದೆಯ ನಡುವೆ ಒಂದು ಪೆಟ್ಟಿಗೆ ತೆರೆದು, ಯಾವ ವೆಬ್ ಸರ್ವರ್ ಎಂದು ಕೇಳುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ. ಅಪಾಚೆ2 ಎಂಬ ಸಾಲು ಆಗಲೇ ಬಣ್ಣ ತುಂಬಿಕೊಂಡಿರುವುದರಿಂದ ಅದು ಆಯ್ಕೆಯಾಗಿದೆ ಎಂದು ತೋರುತ್ತದೆ, ಆದರೆ ಆಗಿರುವುದಿಲ್ಲ. ಸ್ಪೇಸ್ ಬಾರ್ ಒತ್ತಿ, ಚೌಕ ಆವರಣದೊಳಗೆ ನಕ್ಷತ್ರ ಮೂಡಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಟ್ಯಾಬ್, ಎಂಟರ್ ಒತ್ತಬೇಕು. ನಕ್ಷತ್ರವಿಲ್ಲದೆ ಮುಂದೆ ಹೋದರೆ ಕೊನೆಗೆ ಬ್ರೌಸರಿನಲ್ಲಿ 404, ಅಂದರೆ ಪುಟ ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಹಾಗಾದಲ್ಲಿ 'ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಪಿಎಚ್‌ಪಿಮೈಅಡ್ಮಿನ್' ಕೊಟ್ಟು ಅದೇ ಪ್ರಶ್ನೆಗೆ ಮತ್ತೆ ಉತ್ತರಿಸಿದರಾಯಿತು. ತಂತ್ರಾಂಶಕ್ಕೆ ಬೇಕಾದ ಡೇಟಾಬೇಸನ್ನು ತಾನೇ ಸಿದ್ಧಪಡಿಸುವ ಡಿಬಿಕಾನ್ಫಿಗ್-ಕಾಮನ್ ಬಗೆಗಿನ ಪ್ರಶ್ನೆಗೆ ಹೌದು ಎನ್ನಿ. ಅಲ್ಲಿ ಕೇಳುವ ಪಾಸ್‌ವರ್ಡ್ ತಂತ್ರಾಂಶದ ಒಳಬಳಕೆಗೆ ಮಾತ್ರ, ಖಾಲಿ ಬಿಟ್ಟರೆ ತಾನೇ ಒಂದನ್ನು ಸೃಷ್ಟಿಸಿಕೊಳ್ಳುತ್ತದೆ.

ಇನ್ನು ಲಾಗಿನ್. ಉಬುಂಟುವಿನ ಮೈಎಸ್‌ಕ್ಯೂಎಲ್‌ನಲ್ಲಿ ಎಲ್ಲ ಅಧಿಕಾರವುಳ್ಳ ರೂಟ್ ಬಳಕೆದಾರನನ್ನು ಪಾಸ್‌ವರ್ಡಿನಿಂದಲ್ಲ, ಸರ್ವರಿನಲ್ಲಿ ಲಾಗಿನ್ ಆಗಿರುವವರು ಯಾರೆಂದು ನೋಡುವ ಆತ್-ಸಾಕೆಟ್ ಎಂಬ ವ್ಯವಸ್ಥೆಯಿಂದ ಗುರುತಿಸಲಾಗುತ್ತದೆ. ಆದ್ದರಿಂದ ಬ್ರೌಸರಿನ ಮೂಲಕ ರೂಟ್ ಒಳಬರಲಾಗದು, ಬರದಿರುವುದೇ ಒಳ್ಳೆಯದು. 'ಸುಡೊ ಮೈಎಸ್‌ಕ್ಯೂಎಲ್' ಎಂದು ಒಳಹೊಕ್ಕು, ಕ್ರಿಯೇಟ್ ಯೂಸರ್ ಕಮಾಂಡಿನಿಂದ ಬೇರೊಬ್ಬ ಬಳಕೆದಾರನನ್ನು ಸೃಷ್ಟಿಸಿ, ಗ್ರಾಂಟ್ ಕಮಾಂಡಿನಿಂದ ಅವನಿಗೆ ಪುಸ್ತಕಪಟ್ಟಿಯ ಡೇಟಾಬೇಸಿನ ಮೇಲಷ್ಟೇ ಅಧಿಕಾರ ಕೊಡಿ. ಹಳೆಯ ಕೈಪಿಡಿಗಳಲ್ಲಿ ಇವೆರಡನ್ನೂ ಒಂದೇ ಗ್ರಾಂಟ್ ಸಾಲಿನಲ್ಲಿ ಬರೆದಿರುತ್ತಾರೆ, ಮೈಎಸ್‌ಕ್ಯೂಎಲ್ 8.0ರಿಂದ ಈಚೆಗೆ ಅದು ನಡೆಯುವುದಿಲ್ಲ.

ಈಗ ಬಾಗಿಲಿನ ವಿಷಯ. ಸರ್ವರಿನ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಪಿಎಚ್‌ಪಿಮೈಅಡ್ಮಿನ್ ಎಂದು ಸೇರಿಸಿದರೆ ಲಾಗಿನ್ ಪುಟ ತೆರೆಯುತ್ತದೆ ಎಂಬುದು ಕನ್ನ ಹಾಕುವವರಿಗೂ ಗೊತ್ತು. ಅವರ ಸ್ವಯಂಚಾಲಿತ ಪ್ರೋಗ್ರಾಮುಗಳು ಅಂತರ್ಜಾಲದಲ್ಲಿ ಇದೇ ವಿಳಾಸವನ್ನು ಹುಡುಕುತ್ತಿರುತ್ತವೆ. ವಿಳಾಸದ ಹೆಸರು ಬದಲಿಸಿದರೆ ಸಾಕೆಂದು ಹಲವರು ಹೇಳುತ್ತಾರೆ, ನನಗೆ ಅದು ಸಾಲದು. ಅಪಾಚೆಯ ಕಾನ್ಫ್-ಅವೈಲಬಲ್ ಫೋಲ್ಡರಿನಲ್ಲಿರುವ ಪಿಎಚ್‌ಪಿಮೈಅಡ್ಮಿನ್ ಕಡತ ತೆರೆದು, ಮೊದಲ ಡೈರೆಕ್ಟರಿ ವಿಭಾಗದೊಳಗೆ 'ರಿಕ್ವೈರ್ ಲೋಕಲ್' ಎಂಬ ಸಾಲು ಸೇರಿಸಿ, 'ಸುಡೊ ಸಿಸ್ಟಮ್‌ಸಿಟಿಎಲ್ ರೀಲೋಡ್ ಅಪಾಚೆ2' ಕೊಡಿ. ಆಗ ಹೊರಗಿನ ಯಾರಿಗೂ ಪುಟ ತೆರೆಯದು. ನೀವು ಮಾತ್ರ ಎಸ್‌ಎಸ್‌ಎಚ್ (ಸರ್ವರಿಗೆ ದೂರದಿಂದ ಗೂಢಲಿಪಿಯಲ್ಲಿ ಸಂಪರ್ಕಿಸುವ ವಿಧಾನ) ಸುರಂಗದ ಮೂಲಕ ಬರುತ್ತೀರಿ: ನಿಮ್ಮ ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್ ಕಮಾಂಡಿಗೆ ದೊಡ್ಡಕ್ಷರದ 'ಎಲ್' ಆಯ್ಕೆ ಸೇರಿಸಿ, 8888ನೇ ಪೋರ್ಟನ್ನು ಸರ್ವರಿನ 80ನೇ ಪೋರ್ಟಿಗೆ ಜೋಡಿಸಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8888ರ ಪಿಎಚ್‌ಪಿಮೈಅಡ್ಮಿನ್ ಪುಟ ತೆರೆಯಬೇಕು. ಪಾಸ್‌ವರ್ಡ್ ಕೂಡ ಗೂಢಲಿಪಿಯಾಗಿಯೇ ದಾರಿ ಸವೆಸುತ್ತದೆ.

ಕನ್ನಡ ತುಂಬಿಡುವವರು ಕೊಲೇಶನ್ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ನಿಯಮ) ಆರಿಸುವಾಗ, ಯುನಿಕೋಡಿನ ಯುಟಿಎಫ್-8 ಸಂಕೇತವನ್ನು ಪೂರ್ತಿಯಾಗಿ ಬಳಸುವ ಯುಟಿಎಫ್8ಎಂಬಿ4 ಗುಂಪಿನದನ್ನೇ ಆರಿಸಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ಕ್ಷ' ಎಂಬ ಒಂದು ಅಕ್ಷರವೇ ಕ, ವಿರಾಮ (ಒತ್ತಕ್ಷರ ಜೋಡಿಸುವ ಚಿಹ್ನೆ), ಷ ಸೇರಿ 9 ಬೈಟ್ ಹಿಡಿಯುತ್ತದೆ. ಪಶ್ಚಿಮ ಯುರೋಪಿನ ಅಕ್ಷರಗಳಿಗಷ್ಟೇ ಜಾಗವಿರುವ ಲ್ಯಾಟಿನ್-1ರ ಹಳೆಯ ಟೇಬಲಿಗೆ ಕನ್ನಡ ಸೇರಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕುಳಿತರೆ ಮೂಲ ಅಕ್ಷರ ಮರಳಿ ಸಿಗುವುದಿಲ್ಲ.

ಹಳೆಯ ಪಟ್ಟಿಯ ಕಡತ ದೊಡ್ಡದಿದ್ದರೆ ಇಂಪೋರ್ಟ್ ನಿಂತುಹೋಗಬಹುದು, ಏಕೆಂದರೆ ಪಿಎಚ್‌ಪಿ ತಾನಾಗಿ ಒಪ್ಪುವ ಅಪ್‌ಲೋಡ್ ಮಿತಿ 2 ಎಂಬಿ ಮಾತ್ರ. ಅಪಾಚೆಗೆ ಸಂಬಂಧಿಸಿದ ಪಿಎಚ್‌ಪಿ.ಐಎನ್‌ಐ ಕಡತದಲ್ಲಿ ಅಪ್‌ಲೋಡ್-ಮ್ಯಾಕ್ಸ್-ಫೈಲ್‌ಸೈಜ್ ಅನ್ನು ಹೆಚ್ಚಿಸಿ, ಪೋಸ್ಟ್-ಮ್ಯಾಕ್ಸ್-ಸೈಜ್ ಅನ್ನು ಅದಕ್ಕಿಂತ ತುಸು ಮೇಲಿಟ್ಟು, ಅಪಾಚೆಯನ್ನು ಮತ್ತೆ ಚಾಲೂ ಮಾಡಿ. ಇಂಪೋರ್ಟ್ ಪುಟದಲ್ಲಿ ಕಡತ ಆರಿಸುವ ಗುಂಡಿಯ ಪಕ್ಕದಲ್ಲಿ ಹೊಸ ಮಿತಿ ಕಾಣಿಸಿಕೊಳ್ಳುತ್ತದೆ.