ತುಮಕೂರಲ್ಲಿ ಹವ್ಯಾಸಿ ನಾಟಕ ತಂಡದ ಒಂದು ಸೀಸನ್ ಓಡಿಸೋದು ಹೆಂಗೆ: ಡಿಸೆಂಬರ್ ನಾಟಕದ ತಯಾರಿ ನಡುವೆ ಬರ್ದಿದ್ದು

ಮೊದ್ಲೇ ಹೇಳ್ಬಿಡ್ತೀನಿ, ನಾನು ಡೈರೆಕ್ಟ್ರಲ್ಲ, ನಟನೂ ಅಲ್ಲ. ತಂಡದಲ್ಲಿ ನನ್ ಕೆಲ್ಸ ಹಾಲ್ ಬುಕ್ ಮಾಡೋದು, ಟೀ ಲೆಕ್ಕ ಬರ್ಯೋದು, ಸಂಜೆ ಏಳೂವರೆ ಆದ್ಮೇಲೆ ಒಬ್ಬೊಬ್ರಿಗೇ ಫೋನ್ ಮಾಡಿ "ಎಲ್ಲಿದೀರಾ ಅಣ್ಣ" ಅಂತ ಕೇಳೋದು. ಆದ್ರೆ ಈ ವರ್ಷ ತಿಪಟೂರು ಕಡೆಯವ್ರೊಬ್ರು, ಶಿರಾ ಕಡೆಯವ್ರೊಬ್ರು, ನಮ್ಮೂರಲ್ಲೂ ಒಂದು ತಂಡ ಶುರು ಮಾಡ್ಬೇಕು ಹೆಂಗೆ ಅಂತ ಕೇಳಿದ್ರು, ಇಬ್ರಿಗೂ ಫೋನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಬರ್ದೇ ಬಿಡೋಣ ಅಂತ.

ಎಲ್ರೂ ಮಾಡೋ ಮೊದಲನೇ ತಪ್ಪು ಅಂದ್ರೆ ನಾಟಕ ಆರಿಸ್ಕೊಂಡು ಆಮೇಲೆ ಜನ ಹುಡುಕೋದು. ಉಲ್ಟಾ ಮಾಡಿ. ಮೊದ್ಲು ಜನ ಎಣಿಸಿ, ಆಮೇಲೆ ತಾರೀಖು ಹಿಡೀರಿ, ಆಮೇಲೆ ನಾಟಕ. ಜನ ಎಣಿಸೋದು ಅಂದ್ರೆ ವಾಟ್ಸಾಪ್ ಗ್ರೂಪಲ್ಲಿ ಇರೋ ತಲೆಗಳಲ್ಲ ಕಣ್ರೀ, ನಮ್ಮ ಗ್ರೂಪಲ್ಲಿ ಐವತ್ತು ಚಿಲ್ರೆ ಜನ ಇದಾರೆ, ರಾತ್ರಿ ಎಂಟು ಗಂಟೆಗೆ ವಾರಕ್ಕೆ ನಾಕು ದಿನ ಬರೋರು ಹನ್ನೊಂದು. ಯಾಕೆ ಎಂಟು ಗಂಟೆ ಅಂದ್ರೆ ನಮ್ಮ ತಂಡದಲ್ಲಿ ಅರ್ಧ ಜನ ಬೆಂಗಳೂರಿಗೆ ದಿನಾ ಟ್ರೈನಲ್ಲಿ ಹೋಗಿ ಬರೋರು, ಎಪ್ಪತ್ತು ಕಿಲೋಮೀಟ್ರು ಹೋಗಿ ಎಪ್ಪತ್ತು ಬಂದು, ಸ್ಟೇಷನ್ನಿಂದ ಸೀದಾ ಊಟದ ಡಬ್ಬಿ ಸಮೇತ ರಿಹರ್ಸಲ್‌ಗೆ ಬರ್ತಾರೆ. ಟ್ರೈನ್ ಲೇಟಾದ್ರೆ ಮೊದಲನೇ ಅಂಕ ಬಿಟ್ಟು ಎರಡನೇದು ತಗೋತೀವಿ. ನಿಮ್ಮೂರಲ್ಲಿ ಟ್ರೈನ್ ಬದ್ಲು ಅಡಿಕೆ ಕೊಯ್ಲು ಇರ್ಬೋದು, ಕೊಬ್ಬರಿ ಹರಾಜಿರ್ಬೋದು, ಏನೇ ಇರ್ಲಿ, ಅದು ನಿಮ್ಮ ನಿಜವಾದ ಡೈರೆಕ್ಟ್ರು. ಹನ್ನೊಂದು ಜನ ಗ್ಯಾರಂಟಿ ಅಂದ್ರೆ ಎಂಟು ಪಾತ್ರದ ನಾಟಕ ತಗೊಳ್ಳಿ, ಉಳಿದ ಮೂರು ಜನ ಬ್ಯಾಕ್‌ಸ್ಟೇಜು.

ಆಮೇಲೆ ಕ್ಯಾಲೆಂಡ್ರು. ನಮ್ಮ ಸೀಸನ್ ಜುಲೈಯಿಂದ ಮಾರ್ಚು. ಜುಲೈ, ಆಗಸ್ಟಲ್ಲಿ ಸ್ಟೇಜ್ ಕಡೆ ಹೋಗೋದೇ ಇಲ್ಲ, ಒಂದು ರೂಮಲ್ಲಿ ಕೂತ್ಕೊಂಡು ನಾಟಕ ಓದೋದು, ಖರ್ಚು ಅಂದ್ರೆ ಟೀ ಮಾತ್ರ, ಯಾರಿಗೆ ಯಾವ ಪಾತ್ರ ಸೂಟಾಗುತ್ತೆ ಅಂತ ಇಲ್ಲೇ ಗೊತ್ತಾಗಿಬಿಡುತ್ತೆ. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಕಡೆ ಮಳೆ ಜೋರು, ಗಣೇಶ ಬೇರೆ, ದಸರಾ ಬೇರೆ, ಬಯಲಲ್ಲಿ ಶೋ ಇಟ್ಕೋಬೇಡಿ. ನವೆಂಬರಲ್ಲಿ ರಾಜ್ಯೋತ್ಸವ ಅಂತ ಹಾಲ್‌ಗಳೆಲ್ಲ ಮೊದ್ಲೇ ಬುಕ್ಕಾಗಿರ್ತವೆ. ಫೆಬ್ರವರಿ ಬಂದ್ಮೇಲೆ ಮಕ್ಕಳ ಪರೀಕ್ಷೆ, ಶಿವರಾತ್ರಿ ಸುತ್ತ ಸಿದ್ಧಗಂಗೆ ಜಾತ್ರೆ, ಆ ಟೈಮಲ್ಲಿ ಅಪ್ಪ ಅಮ್ಮಂದಿರು ನಾಟಕಕ್ಕೆ ಬರಲ್ಲ. ಅಲ್ಲಿಗೆ ಡಿಸೆಂಬರ್ ಮತ್ತು ಜನವರಿ ಉಳೀತು ನೋಡಿ. ಅದಕ್ಕೇ ನಮ್ಮ ದೊಡ್ಡ ನಾಟಕ ಯಾವಾಗ್ಲೂ ಡಿಸೆಂಬರ್, ಅವರೆಕಾಯಿ ಟೈಮು, ಚಳಿ ಇದ್ರೂ ಜನ ಬರ್ತಾರೆ. ಮಾರ್ಚ್ 27 ವಿಶ್ವ ರಂಗಭೂಮಿ ದಿನ, ಅವತ್ತು ಸೆಟ್ಟೂ ಇಲ್ಲ ಲೈಟೂ ಇಲ್ಲ, ಬರೀ ಒಂದು ತಮಟೆ ಹಿಡ್ಕೊಂಡು ಬೀದಿ ನಾಟಕ, ಸೀಸನ್ ಮುಗೀತು.

ಮಧ್ಯದಲ್ಲಿ ಆದ್ರೆ ಒಂದು ಹೊರಗಿನ ತಂಡದ ಆಟ ಕರೆಸಿ. ಹೆಗ್ಗೋಡಿನ ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ ಇವೆಲ್ಲ ಊರೂರು ತಿರುಗೋ ತಂಡಗಳು, ಸಾಣೇಹಳ್ಳಿ ಹೊಸದುರ್ಗ ತಾಲ್ಲೂಕು, ನಮಗೇನು ದೂರ ಅಲ್ಲ. ಅವ್ರ ಊಟ, ವಸತಿ, ಸ್ಟೇಜು, ಸಂಭಾವನೆ ನೀವು ನೋಡ್ಕೋಬೇಕು. ನಾಟಕ ನೋಡೋದಕ್ಕಿಂತ ದೊಡ್ಡ ಲಾಭ ಮಧ್ಯಾಹ್ನದ ಹೊತ್ತು ಇರೋದು. ಲಾರಿ ಬಂದು ನಿಂತ್ಮೇಲೆ ಸೆಟ್ ಇಳ್ಸಿ, ಲೈಟ್ ಕಟ್ಟಿ, ಸಂಜೆಗೆ ಬಣ್ಣ ಹಚ್ಕೊಂಡು ರೆಡಿ ಆಗ್ತಾರಲ್ಲ, ನಟರೇ ಎಲ್ಲಾ ಕೆಲ್ಸ ಮಾಡ್ತಾರೆ, ಒಬ್ರೂ ಕೂಗಾಡಲ್ಲ. ನಮ್ಮ ಹುಡುಗ್ರನ್ನ ಅವ್ರ ಜೊತೆ ಕೈ ಜೋಡಿಸೋಕೆ ಬಿಟ್ಟೆ, ಒಂದು ಮಧ್ಯಾಹ್ನದಲ್ಲಿ ಕಲ್ತಿದ್ದು ನಾನು ಎರಡು ವರ್ಷ ಬೈದ್ರೂ ಕಲ್ತಿರ್ಲಿಲ್ಲ.

ಈಗ ನಾಟಕ ಆರಿಸೋ ವಿಷ್ಯ. ಸ್ಕ್ರಿಪ್ಟ್ ಜೆರಾಕ್ಸ್ ಸಿಕ್ತು ಅಂದ ತಕ್ಷಣ ಆಡ್ಬೋದು ಅಂತಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರ್ಕೊಂಡ ವರ್ಷ ಕಳೆದು 60 ವರ್ಷ ಕಾಪಿರೈಟ್ ಇರುತ್ತೆ. ನಾಟಕಕಾರ ಟಿ.ಪಿ. ಕೈಲಾಸಂ ತೀರ್ಕೊಂಡಿದ್ದು 1946ರಲ್ಲಿ, ಅಂದ್ರೆ 2006ರ ಕೊನೆಗೆ ಮುಗೀತು, ಈಗ ಯಾರ್ ಬೇಕಾದ್ರೂ ಆಡ್ಬೋದು. ಕುವೆಂಪು 1994, ಲಂಕೇಶ್ 2000, ಕಾರ್ನಾಡ್ 2019, ಇವ್ರದ್ದೆಲ್ಲ ಆಡ್ಬೇಕಂದ್ರೆ ಮನೆಯವ್ರದ್ದೋ ಹಕ್ಕು ಇರೋರದ್ದೋ ಒಪ್ಪಿಗೆ ಪತ್ರ ಬೇಕು, ಕೇಳಿದ್ರೆ ಸಾಮಾನ್ಯವಾಗಿ ಕೊಡ್ತಾರೆ, ಕೇಳ್ದೆ ಆಡೋದು ಮರ್ಯಾದೆ ಅಲ್ಲ. ಇನ್ನೊಂದು ಗುಂಡಿ ಇದೆ ಇಲ್ಲಿ: ಹಳೇ ನಾಟಕವನ್ನ ಈಗಿನವ್ರು ಯಾರಾದ್ರೂ ರೂಪಾಂತರ ಮಾಡಿದ್ರೆ ಆ ರೂಪಾಂತರದ ಹಕ್ಕು ಅವ್ರದ್ದು. ಮಧ್ಯದಲ್ಲಿ ಸಿನಿಮಾ ಹಾಡು ಹಾಕೋ ಆಸೆ ಇದ್ರೆ ಅದಕ್ಕೂ ಬೇರೆ ಲೈಸೆನ್ಸು. ನಮ್ಮಲ್ಲಿ ಒಬ್ಬ ಹುಡುಗ ಹಾರ್ಮೋನಿಯಂ ನುಡಿಸ್ತಾನೆ, ಒಬ್ಳು ಹುಡುಗಿ ಹಾಡ್ತಾಳೆ, ಸಾಕು.

ಈ ಡಿಸೆಂಬರ್‌ಗೆ ನಾವು ತಗೊಂಡಿರೋದು ಕೈಲಾಸಂ ಅವರದ್ದೇ ಒಂದು ನಾಟಕ. ಹಕ್ಕಿನ ತಲೆನೋವಿಲ್ಲ, ಒಂದೇ ಮನೆ ಒಂದೇ ಸೆಟ್ಟು, ಸುಲಭ ಅಂದ್ಕೊಂಡ್ವಿ. ಕಷ್ಟ ಇದ್ದಿದ್ದು ನಾಲ್ಗೇಲಿ. ಅವರ ಪಾತ್ರಗಳು ಒಂದೇ ಉಸ್ರಲ್ಲಿ ಅರ್ಧ ಇಂಗ್ಲಿಷು ಅರ್ಧ ಹಳೇ ಮೈಸೂರು ಮನೆ ಮಾತು ಆಡ್ತವೆ, ನಮ್ಮ ಹುಡುಗ್ರಿಗೆ ಇಂಗ್ಲಿಷೂ ಬರುತ್ತೆ ಕನ್ನಡನೂ ಬರುತ್ತೆ, ಆದ್ರೆ ಆ ಎರಡರ ಮಧ್ಯೆ ಜಾರೋದು ಬರಲ್ಲ, ಪ್ರತಿ ಇಂಗ್ಲಿಷ್ ಪದ ಬಂದಾಗ್ಲೂ ಸ್ಪೀಡ್ ಬ್ರೇಕರ್ ಮೇಲೆ ಬೈಕ್ ಹತ್ತಿಸ್ದಂಗೆ ನಿಂತ್ಕೊಂಡು ಹೇಳ್ತಾರೆ. ಮೊದಲ ಎರಡು ವಾರ ಬರೀ ಓದು. ಆಮೇಲೆ ನಮ್ಮ ಮೇಷ್ಟ್ರು ಒಂದು ಉಪಾಯ ಮಾಡಿದ್ರು, ಎದ್ದು ನಿಂತು ಹೇಳೋದು ಬ್ಯಾಡ, ಕಡ್ಲೆಕಾಯಿ ಬಿಡಿಸ್ತಾ ಹೇಳಿ ಅಂತ ಒಂದು ಮೊರ ಮುಂದಿಟ್ರು. ಕೈ ಕೆಲ್ಸದಲ್ಲಿದ್ರೆ ಬಾಯಿ ಬಿಗಿ ಹಿಡಿಯಲ್ಲ. ಮೂರನೇ ದಿನಕ್ಕೆ ಆ ಅತ್ತೆ ಪಾತ್ರದ ಅಕ್ಕ (ಬ್ಯಾಂಕಲ್ಲಿ ಕ್ಯಾಷಿಯರ್ರು ಅವ್ರು) ಸಿಪ್ಪೆ ಬಿಸಾಕ್ತಾ ಸೊಸೆಗೆ ಒಂದು ಮಾತು ಅಂದ್ರು ನೋಡಿ, ಟೀ ತರೋ ಹುಡುಗ ಬಾಗ್ಲಲ್ಲೇ ನಿಂತ್ಬಿಟ್ಟ. ಆ ಮೊರ ಈಗ ನಾಟಕದಲ್ಲೂ ಉಳ್ಕೊಂಡಿದೆ.

ರಿಹರ್ಸಲ್ ಎಷ್ಟು ಬೇಕು ಅಂದ್ರೆ ಒಂದೂವರೆ ಗಂಟೆ ನಾಟಕಕ್ಕೆ ನಲವತ್ತು ಸಂಜೆ ಇಟ್ಕೊಳ್ಳಿ. ಹಾಲ್ ತಾರೀಖಿಂದ ಹಿಂದಕ್ಕೆ ಎಣಿಸ್ಬೇಕು. ಕೊನೇ ವಾರ ಪೂರ್ತಿ ಪುಸ್ತಕ ಇಲ್ದೆ ರನ್ ಥ್ರೂ, ಅದಕ್ಕೂ ಮುಂಚೆ ಹತ್ತು ದಿನ ಪ್ರಾಪರ್ಟಿ (ಲೋಟ, ಕೋಲು ಥರದ ನಾಟಕದ ಸಾಮಾನು) ಕೈಲಿಟ್ಕೊಂಡು, ಅದಕ್ಕೂ ಮುಂಚೆ ಬ್ಲಾಕಿಂಗು, ಅಂದ್ರೆ ಯಾರು ಯಾವಾಗ ಎಲ್ಲಿ ನಿಲ್ಬೇಕು, ಎಲ್ಲಿಗೆ ನಡೀಬೇಕು ಅಂತ ಗೊತ್ತು ಮಾಡೋದು. ಜಾಗ ಸ್ಕೂಲ್ ರೂಮೋ ಯಾರ್ದೋ ಮನೆ ಟೆರೇಸೋ ಏನಾದ್ರೂ ಆಗ್ಲಿ, ಆದ್ರೆ ಹಾಲ್‌ಗೆ ಹೋಗಿ ಟೇಪ್ ಹಿಡಿದು ಸ್ಟೇಜ್ ಅಳತೆ ತಗೊಂಡು ಬಂದು ಅಷ್ಟಕ್ಕೇ ಸೀಮೆಸುಣ್ಣದಲ್ಲಿ ಗೆರೆ ಎಳೀರಿ, ಎರಡು ಕಡೆ ವಿಂಗ್ (ನಟರು ಒಳಗೆ ಬರೋ ಸ್ಟೇಜ್ ಪಕ್ಕದ ಮರೆ) ಎಲ್ಲಿ ಅಂತ ಚೇರ್ ಇಡಿ. ಹೋದ್ ವರ್ಷ ನಾವು ಸಣ್ಣ ರೂಮಲ್ಲಿ ಕಲ್ತು ದೊಡ್ಡ ಸ್ಟೇಜಿಗೆ ಹೋದ್ವಿ, ಕಾಫಿ ತರೋ ಪಾತ್ರ ವಿಂಗಿಂದ ಟೇಬಲ್‌ಗೆ ನಡ್ಕೊಂಡು ಬರೋಷ್ಟ್ರಲ್ಲಿ ಎದುರಿನ ಪಾತ್ರದ ಡೈಲಾಗೇ ಮುಗ್ದೋಯ್ತು, ಪಾಪ ಇಬ್ರೂ ಮುಖ ಮುಖ ನೋಡ್ಕೊಂಡು ನಿಂತ್ರು.

ರಿಹರ್ಸಲ್‌ಗೆ ಬರದೇ ಇರೋರ ಸಮಸ್ಯೆಗೆ ನಾನು ಕಂಡ್ಕೊಂಡ ಮದ್ದು ನಮ್ಮ ಹಳ್ಳಿ ಪೌರಾಣಿಕ ನಾಟಕದ್ದು. ಸಿಟಿ ತಂಡದವ್ರು ಅದನ್ನ ನೋಡಿ ನಗ್ತಾರೆ, ನಗ್ಬಾರ್ದು. ನಮ್ಮ ಜಿಲ್ಲೇಲಿ ಕುರುಕ್ಷೇತ್ರ ಆಡ್ದೇ ಇರೋ ಊರು ಹುಡುಕ್ಬೇಕು, ಅಲ್ಲಿ ಪಾತ್ರ ಪುಕ್ಕಟೆ ಸಿಗಲ್ಲ, ಕೃಷ್ಣನಿಗಿಷ್ಟು ದುರ್ಯೋಧನನಿಗಿಷ್ಟು ಅಂತ ದುಡ್ಡು ಕಟ್ಟಿ ತಗೋಬೇಕು, ಆ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಹೊರಗಿಂದ ಬರೋ ಸ್ತ್ರೀ ಪಾತ್ರಧಾರಿಗಳ ಸಂಭಾವನೆ ಎಲ್ಲ. ನಮ್ಮ ಚಿಕ್ಕಪ್ಪ ಕುಣಿಗಲ್ ಕಡೆ ಕರ್ಣನ ಪಾತ್ರ ಕಟ್ಟಿದ್ರು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟ್ರು ಆನ್ ಮಾಡಿ ತೋಟದ ಬದಿನ ಮೇಲೆ ನಿಂತು ನೀರು ತಿರುಗಿಸ್ತಾ ಕಂದ ಪದ್ಯ ಹೇಳೋರು, ಶ್ರುತಿಗೆ ಮೋಟ್ರು ಸದ್ದೇ. ಮೂರು ತಿಂಗಳು ಒಂದು ದಿನ ತಾಲೀಮು ತಪ್ಪಿಸ್ಲಿಲ್ಲ, ಯಾಕಂದ್ರೆ ದುಡ್ಡು ಕಟ್ಟಿದಾರೆ. ಅದನ್ನ ನೋಡಿ ನಾವೂ ಪ್ರತಿ ನಟನಿಂದ ಸಾವಿರ ರೂಪಾಯಿ ಮುಂಗಡ ಇಟ್ಕೋತೀವಿ, ಶೋ ಆದ್ಮೇಲೆ ವಾಪಸ್ಸು, ಹೇಳ್ದೆ ತಪ್ಪಿಸಿದ ಒಂದೊಂದು ದಿನಕ್ಕೆ ಐವತ್ತು ಕಟ್. ಕಾಲೇಜ್ ಹುಡುಗ್ರಿಗೆ ಇನ್ನೂರು ಸಾಕು. ಮೊದ್ಲು ಗಲಾಟೆ ಆಯ್ತು, ಈಗ ಅಭ್ಯಾಸ ಆಗಿದೆ. ಕಟ್ ಆದ ದುಡ್ಡು ಟೀಗೆ ಹೋಗುತ್ತೆ, ಹಾಗಾಗಿ ಲೇಟಾಗಿ ಬಂದೋರಿಗೆ "ಇವತ್ತಿನ ಬೋಂಡ ನಿಮ್ದು" ಅಂತ ಎಲ್ರೂ ಕೈ ಮುಗೀತಾರೆ.

ಕಾಗದ ಪತ್ರದ್ದು ಬೇಗ ಹೇಳ್ತೀನಿ. ತಂಡ ರಿಜಿಸ್ಟರ್ ಮಾಡಿಸ್ಬೇಕಂದ್ರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960 ಅಡಿಯಲ್ಲಿ ಕನಿಷ್ಠ 7 ಜನ ಸದಸ್ಯರು ಬೇಕು. ಮುಂದೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಧನಸಹಾಯಕ್ಕೆ ಅರ್ಜಿ ಹಾಕೋದಿದ್ರೆ ಮೊದಲ ವರ್ಷದಿಂದ್ಲೇ ಆಡಿಟ್, ಕರಪತ್ರ, ಫೋಟೋ, ಪೇಪರ್ ಕಟಿಂಗು ಎಲ್ಲ ಒಂದು ಫೈಲಲ್ಲಿ ಇಡಿ, ಆಮೇಲೆ ಹುಡುಕಿದ್ರೆ ಸಿಗಲ್ಲ. ತಲೆಗೆ 500 ರೂಪಾಯಿ ಒಳಗಿನ ನಾಟಕದ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ, ಯಾರಾದ್ರೂ ಹೆದರಿಸಿದ್ರೆ ಹೆದರ್ಬೇಡಿ. ಬಯಲಲ್ಲಿ ಮೈಕ್ ಹಾಕಿದ್ರೆ ಪೊಲೀಸ್ ಪರ್ಮಿಷನ್ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಹಾಕೋ ಹಾಗಿಲ್ಲ.

ಲೈಟು: ಹಾಲ್ ಬುಕ್ ಮಾಡುವಾಗ ಬಾಡಿಗೆ ಕೇಳೋ ಮುಂಚೆ ಕರೆಂಟ್ ಲೋಡ್ ಎಷ್ಟು, ಜನರೇಟರ್ ಇದೆಯಾ, ಅದರಲ್ಲಿ ಸ್ಟೇಜ್ ಲೈಟ್ ಓಡುತ್ತಾ ಬರೀ ಟ್ಯೂಬ್‌ಲೈಟ್ ಓಡುತ್ತಾ ಅಂತ ಕೇಳಿ. ಸಾವಿರ ವ್ಯಾಟಿನ ಹ್ಯಾಲೊಜೆನ್ ಹತ್ತು ಹಾಕಿದ್ರೆ ಹತ್ತು ಕಿಲೋವ್ಯಾಟ್ ಆಯ್ತು. ಒಂದು ಹಾಲಲ್ಲಿ, ಯಾವ್ದು ಅಂತ ಬ್ಯಾಡ, ನಮ್ಮ ನಾಟಕದ ಮಧ್ಯೆ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಕರೆಂಟ್ ಕಟ್ ಮಾಡೋ ಸ್ವಿಚ್ಚು) ಮೂರು ಸಲ ಟ್ರಿಪ್ ಆಯ್ತು, ಎಲೆಕ್ಟ್ರಿಷಿಯನ್ ಊಟಕ್ಕೆ ಹೋಗಿದ್ದ, ಜನ ಮೊಬೈಲ್ ಟಾರ್ಚ್ ಹಾಕಿ ಒಂದು ಸೀನ್ ನೋಡಿದ್ರು. ಈಗ ಕಮ್ಮಿ ಕರೆಂಟ್ ತಗೊಳ್ಳೋ ಎಲ್‌ಇಡಿ ಪಾರ್ ಅನ್ನೋ ಸ್ಟೇಜ್ ಲೈಟು ಬಾಡಿಗೆಗೆ ಸಿಗುತ್ತೆ, ಮುಖದ ಮೇಲಿನ ಬೆಳಕಿಗೆ ಎರಡು ಹ್ಯಾಲೊಜೆನ್ ಇಟ್ಕೊಂಡು ಉಳಿದಿದ್ದು ಎಲ್‌ಇಡಿ ಮಾಡಿ.

ವೇಷ, ಮೇಕಪ್ಪು ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಜ್ಜಿ ಪೆಟ್ಟಿಗೆ ತೆಗೆಸಿ. ಮೀಸೆ ಗಮ್ಮಲ್ಲಿ ಅಂಟಿಸಿದ್ರೆ ಒಂದ್ಸಲ ಮೊದ್ಲೇ ಅಂಟಿಸಿ ಬೆವರಿಸಿ ನೋಡಿ.

ಟಿಕೆಟ್ ಮಾರೋದು ಇನ್ನೊಂದು ನಾಟಕ. ಫ್ರೀ ಪಾಸ್ ಕೊಟ್ರೆ ಬರಲ್ಲ, ಇದು ಅನುಭವ. ನೂರು ರೂಪಾಯಿ ಇಡಿ, ಪ್ರತಿಯೊಬ್ರಿಗೂ ಹದಿನೈದು ಟಿಕೆಟ್ ಪುಸ್ತಕ ಕೈಗೆ ಕೊಡಿ, ಕೈಗೆ ಅಂದ್ರೆ ಪೇಪರ್ ಟಿಕೆಟ್ಟು, ಫೋನಲ್ಲಿ ಕಳ್ಸಿದ ಪೋಸ್ಟರ್‌ಗೆ ಎಲ್ರೂ ಬೆರಳೆತ್ತಿ ಸಿಂಬಲ್ ಹಾಕ್ತಾರೆ, ಯಾರೂ ಎದ್ದು ಬರಲ್ಲ. ನಮ್ಮ ಅತಿ ದೊಡ್ಡ ಸೇಲ್ಸ್‌ಮನ್ನು ಬೆಳಗಿನ ಟ್ರೈನಲ್ಲಿ ಒಂದೇ ಬೋಗಿಲಿ ದಿನಾ ಕೂರೋ ಗುಂಪು, ಒಬ್ಬ ನಟ ಅಲ್ಲಿ ನಾಕು ಡೈಲಾಗ್ ಹೇಳಿ ಒಂದೇ ವಾರದಲ್ಲಿ ಪುಸ್ತಕ ಖಾಲಿ ಮಾಡಿದ. ಗುಬ್ಬಿ, ಕೊರಟಗೆರೆ, ಕುಣಿಗಲ್ ಕಡೆಯಿಂದ ಬರೋರಿಗೆ ವಾಪಸ್ ಬಸ್ ಸಿಗ್ಬೇಕಲ್ಲ, ಆರೂವರೆಗೆ ಶುರು ಮಾಡಿ ಎಂಟೂಕಾಲಿಗೆ ಮುಗ್ಸಿ.

ಆರೂವರೆಗೆ ಶುರು ಅಂದೆ ಅಲ್ವಾ, ಅದಕ್ಕೆ ಅಡ್ಡ ಬರೋದು ಮಳೆನೂ ಅಲ್ಲ ಕರೆಂಟೂ ಅಲ್ಲ, ಸಭಾ ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ಸ್ಮರಣಿಕೆ, "ಎರಡೇ ಮಾತು" ಅಂತ ಎದ್ದೋರು ಇಪ್ಪತ್ತು ನಿಮಿಷ. ಅತಿಥಿಗಳು ಬೇಡ ಅಂತಲ್ಲ, ಜಾಹೀರಾತು ಕೊಟ್ಟೋರ್ನ ಕರೀಲೇಬೇಕು. ಆದ್ರೆ ಗುಬ್ಬಿ ವೀರಣ್ಣನೋರ ಜಿಲ್ಲೆ ಇದು, 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪ್ನಿ ಆನೆ ಕುದ್ರೆನೇ ಸ್ಟೇಜಿಗೆ ತಂದಿದ್ದ ಜಿಲ್ಲೆ, ಇಲ್ಲಿನ ಜನ ನಾಟಕ ನೋಡೋಕೆ ಬರ್ತಾರೆ, ಶಾಲು ನೋಡೋಕಲ್ಲ. ನಾವು ಮಾಡೋದು ಇಷ್ಟು: ನಾಟಕ ಮುಗಿದ್ಮೇಲೆ, ನಟರೆಲ್ಲ ಬಣ್ಣದಲ್ಲೇ ನಿಂತಿರೋವಾಗ, ಅತಿಥಿಗಳನ್ನ ಮೇಲೆ ಕರೆದು ಹತ್ತು ನಿಮಿಷ. ಹಿಂದೆ ಬೆವರು ಸುರಿಸ್ತಾ ಹನ್ನೊಂದು ಜನ ನಿಂತಿದ್ರೆ ಯಾರೂ ಉದ್ದ ಮಾತಾಡಲ್ಲ. ಮೊದಲ ಸಲ ಒಬ್ರು ಬೇಜಾರಾದ್ರು, ಆಮೇಲೆ ಅವ್ರೇ ಪೂರ್ತಿ ನಾಟಕ ನೋಡಿದ್ದು ಇದೇ ಮೊದ್ಲು ಅಂದ್ರು.

ಶೋ ದಿನ ಬೆಳಗ್ಗೆ ಒಂಬತ್ತಕ್ಕೆ ಹಾಲ್ ಕೈಗೆ ಸಿಗ್ಬೇಕು, ಅದನ್ನ ರಸೀದಿ ಮೇಲೇ ಬರೆಸ್ಕೊಳ್ಳಿ. ವಿಂಗಿನ ಒಳಗೆ ಒಂದು ಟೇಬಲ್ಲು, ಅದರ ಮೇಲೆ ಹಾಳೆ ಹಾಸಿ, ಮೊರ, ಕಾಫಿ ಲೋಟ, ಕಾಗದ, ಊರುಗೋಲು ಒಂದೊಂದಕ್ಕೂ ಪೆನ್ನಲ್ಲಿ ಗುಂಡಗೆ ಗುರ್ತು ಹಾಕಿ ಹೆಸ್ರು ಬರೀರಿ, ಒಂದು ಸುತ್ತು ಖಾಲಿ ಕಂಡ್ರೆ ಏನು ಕಾಣೆ ಆಗಿದೆ ಅಂತ ಕತ್ಲಲ್ಲೂ ಗೊತ್ತಾಗುತ್ತೆ. ಪ್ರಾಂಪ್ಟರ್‌ಗೆ (ಮರೆತ ಡೈಲಾಗ್ ವಿಂಗಿಂದ ಎತ್ತಿಕೊಡೋರು) ಹಣೆಗೆ ಕಟ್ಟೋ ಟಾರ್ಚ್ ಬೇಡ, ಪ್ರೇಕ್ಷಕರಿಗೆ ಕಾಣುತ್ತೆ, ಪುಸ್ತಕದ ಮೇಲೆ ಕ್ಲಿಪ್ಪು ಲೈಟ್ ಹಾಕಿ.

ಮುಗಿದ್ಮೇಲೆ ಎಲ್ರೂ ಕ್ಯಾತ್ಸಂದ್ರ ಕಡೆ ತಟ್ಟೆ ಇಡ್ಲಿ ಅಂತ ಹೊರಡೋಕೆ ನೋಡ್ತಾರೆ. ಬಾಗ್ಲಲ್ಲೇ ನಿಲ್ಲಿಸಿ. ಅವತ್ತು ರಾತ್ರಿನೇ ಸೆಟ್ ಬಿಚ್ಚಿ, ಬಾಡಿಗೆ ಲೈಟು ಎಣಿಸಿ ಸಹಿ ತಗೊಂಡು, ಮುಂಗಡದ ಸಾವಿರ ಅಲ್ಲೇ ವಾಪಸ್ ಕೊಟ್ಬಿಡಿ, ಕಟ್ ಆಗಿದ್ದು ಎಷ್ಟು ಅಂತ ಜೋರಾಗಿ ಓದಿ. ಆಮೇಲೆ ಗ್ರೀನ್‌ರೂಮಿಗೆ ಹೋಗಿ ಬೇಸಿನ್ನಲ್ಲಿರೋ ಬಣ್ಣ, ಕೊಬ್ಬರಿ ಎಣ್ಣೆ ಎಲ್ಲ ಉಜ್ಜಿ ತೊಳೆದು ಕೀ ಕೊಡಿ, ಮುಂದಿನ ಡಿಸೆಂಬರ್‌ಗೂ ಅದೇ ವಾಚ್‌ಮನ್ ಹತ್ರಾನೇ ಹೋಗ್ಬೇಕು.